ಮೇದಸ್ಸಿನ ಕಣಜವನ್ನು ಕಟ್ಟುವವರಾರು?

ಕೊಬ್ಬಿನ ವಿಷಯವಾಗಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ತೊಟ್ಟಿಲಲ್ಲಿ ಮಲಗಿರುವ ಕೂಸಿನ ಕೆನ್ನೆಯೂ ತೊಡೆಯೂ ತುಂಬಿಕೊಂಡಿದ್ದರೆ ನೋಡಿದವರೆಲ್ಲರೂ ಸಂತೋಷಪಟ್ಟು, ಎಲ್ಲಿ ದೃಷ್ಟಿ ತಾಕುವುದೋ ಎಂದು ಕಾಡಿಗೆಯ ಬೊಟ್ಟನ್ನು ಇಡುವರು. ಅದೇ ಕೂಸು ಬೆಳೆದು, ಮೂವತ್ತು ವರ್ಷದ ಗೃಹಿಣಿಯಾಗಿ ಮೈ ತುಂಬಿಕೊಂಡಳೆಂದರೆ, “ಕುಳಿತು ತಿಂದರೆ ಆಗುವುದೇ ಹೀಗೆ” ಎಂದು ಹಿಂದಿನಿಂದ ಆಡಿಕೊಳ್ಳುವರು. ಅಲ್ಲಿ ಭಾಗ್ಯದ ಗುರುತಾಗಿದ್ದ ಪದಾರ್ಥವೇ ಇಲ್ಲಿ ಸೋಮಾರಿತನಕ್ಕೂ ನಾಲಗೆಯ ಚಪಲಕ್ಕೂ ಸಾಕ್ಷಿಯಾಗಿಬಿಡುವುದು.

ನಮ್ಮ ಆಯುರ್ವೇದದ ಗ್ರಂಥಕಾರರು ಈ ವಿಷಯದಲ್ಲಿ ಹೆಚ್ಚಿನ ಸಮತೂಕವನ್ನು ತೋರಿಸಿರುವರು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳಲ್ಲಿ ಮೇದಸ್ಸಿಗೆ ನಾಲ್ಕನೆಯ ಸ್ಥಾನವನ್ನು ಅವರು ಕೊಟ್ಟರು. ಧಾತುವೆಂದರೆ ದೇಹವನ್ನು ಧರಿಸಿ ನಿಲ್ಲಿಸುವಂಥಾದ್ದು. ಹೊರಗಿನಿಂದ ಬಂದು ಅಂಟಿಕೊಂಡ ಕಲ್ಮಷವಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಪ್ರಯೋಗಶಾಲೆಗಳಲ್ಲಿ ನಡೆದ ಸಂಶೋಧನೆಗಳು ಬೇರೊಂದು ದಾರಿಯಿಂದ ಹೊರಟು ಇದನ್ನೇ ಹೋಲುವ ನಿರ್ಣಯಕ್ಕೆ ಬಂದಿವೆ. ಕೊಬ್ಬಿನ ಕೋಶವು ದೇಹಕ್ಕೆ ಬೇಕಾದ ಒಂದು ಅಂಗ. ಅದು ತಾನಾಗಿಯೇ ಹುಟ್ಟುವುದಿಲ್ಲ. ಜೀವಕೋಶಗಳಲ್ಲಿರುವ ‘ಗ್ರಾಹಿ’ಗಳೆಂಬ ಸೂಕ್ಷ್ಮ ವಸ್ತುಗಳು ಅಪ್ಪಣೆ ಕೊಟ್ಟರೆ ಮಾತ್ರ ಹುಟ್ಟುವುದು. ಆ ಅಪ್ಪಣೆ ಸರಿಯಾಗಿ ನಡೆಯದಿದ್ದರೆ ಆಗುವ ಕೇಡು, ಕೊಬ್ಬು ಹೆಚ್ಚಾದುದರಿಂದ ಆಗುವ ಕೇಡಿಗಿಂತ ಕಡಿಮೆಯದಲ್ಲ. ಮಧುಮೇಹವು ಮನೆಮನೆಯ ಮಾತಾಗಿರುವ ನಮ್ಮ ನಾಡಿನವರು ಈ ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು.

ಕಣಜದ ಸ್ವರೂಪ

ಕೊಬ್ಬನ್ನು ಕೂಡಿಡುವ ಜೀವಕೋಶಕ್ಕೆ ಮೇದಃಕೋಶವೆಂದು ಹೆಸರಿಡೋಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಂದೇ ಒಂದು ದೊಡ್ಡ ಎಣ್ಣೆಯ ಹನಿಯನ್ನು ತೆಳುವಾದ ಪೊರೆಯಲ್ಲಿ ಸುತ್ತಿಟ್ಟಂತೆ ಕಾಣುವುದು. ಕೋಶದ ಕೇಂದ್ರವು ಜಾಗ ಸಾಲದೆ ಒಂದು ಪಕ್ಕಕ್ಕೆ ಒತ್ತಿಕೊಂಡಿರುವುದು. ಚೆನ್ನಾಗಿ ತುಂಬಿದ ಮೇದಃಕೋಶದ ಅಡ್ಡಳತೆಯು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಇಂತಹ ಕೋಶಗಳು ಬೆಳೆದ ಮನುಷ್ಯನ ಮೈಯಲ್ಲಿ ಸಾವಿರಾರು ಕೋಟಿ ಇರುವುವು.

ರೈತನು ಸುಗ್ಗಿಯಲ್ಲಿ ಬಂದ ಧಾನ್ಯವನ್ನು ಕಣಜದಲ್ಲಿ ತುಂಬಿ, ಬೆಳೆಯಿಲ್ಲದ ತಿಂಗಳುಗಳಲ್ಲಿ ತೆಗೆದು ಬಳಸುವನಷ್ಟೆ. ಅದರಂತೆಯೇ ಊಟವಾದೊಡನೆ ರಕ್ತಕ್ಕೆ ಬಂದ ಅಂಶಗಳಲ್ಲಿ ಮಿಗುವುದನ್ನು ಮೇದಃಕೋಶಗಳು ಒಳಗೆಳೆದುಕೊಳ್ಳುವುವು; ರಾತ್ರಿ ನಿದ್ರೆಯಲ್ಲಿಯೂ ಏಕಾದಶಿಯ ಉಪವಾಸದಲ್ಲಿಯೂ ಅದನ್ನು ಮತ್ತೆ ಹೊರಗೆ ಬಿಡುವುವು. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ ೪ ಕ್ಯಾಲೊರಿಯಷ್ಟು ಶಕ್ತಿಯಿದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ ೯ ಕ್ಯಾಲೊರಿಯಷ್ಟು ಇರುವುದು. ಕಡಿಮೆ ಜಾಗದಲ್ಲಿ ಹೆಚ್ಚು ಕೂಡಿಡಲು ಇದಕ್ಕಿಂತ ಅನುಕೂಲವಾದ ಪದಾರ್ಥವು ದೇಹಕ್ಕೆ ಬೇರೆ ದೊರೆಯದು.

ಧಾನ್ಯವು ಹೆಚ್ಚಾದಾಗ ರೈತನಿಗೆ ಎರಡು ಉಪಾಯಗಳುಂಟು: ಇರುವ ಕಣಜದಲ್ಲಿಯೇ ಒತ್ತಿ ತುಂಬುವುದು ಒಂದು, ಹೊಸ ಕಣಜವನ್ನು ಕಟ್ಟುವುದು ಮತ್ತೊಂದು. ದೇಹವು ಯಾವುದನ್ನು ಮಾಡುವುದೆಂಬ ಪ್ರಶ್ನೆಗೆ ಉತ್ತರವು ೨೦೦೮ರಲ್ಲಿ ಸ್ವೀಡನ್ ದೇಶದ ಕರೊಲಿನ್‌ಸ್ಕಾ ಸಂಸ್ಥೆಯಿಂದ ಬಂದಿತು. ಅದನ್ನು ಕಂಡುಹಿಡಿದ ರೀತಿಯೂ ಕುತೂಹಲಜನಕವಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಬಲಿಷ್ಠ ರಾಷ್ಟ್ರಗಳು ಅಣುಬಾಂಬುಗಳನ್ನು ಬಯಲಿನಲ್ಲಿ ಸಿಡಿಸಿ ಪರೀಕ್ಷಿಸಿದ್ದರಿಂದ ವಾಯುಮಂಡಲದಲ್ಲಿ ಇಂಗಾಲ-೧೪ ಎಂಬ ವಸ್ತು ಹೆಚ್ಚಾಯಿತು. ೧೯೬೩ರ ಒಪ್ಪಂದದಿಂದ ಅಂತಹ ಪರೀಕ್ಷೆಗಳು ಬಹುಮಟ್ಟಿಗೆ ನಿಂತಮೇಲೆ ಅದು ವರ್ಷವರ್ಷವೂ ಇಳಿಯುತ್ತ ಬಂದಿತು. ಗಾಳಿಯಿಂದ ಗಿಡಕ್ಕೂ, ಗಿಡದಿಂದ ಅನ್ನಕ್ಕೂ, ಅನ್ನದಿಂದ ಮನುಷ್ಯನಿಗೂ ಬಂದ ಆ ಇಂಗಾಲವು ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಅದು ಹುಟ್ಟಿದ ವರ್ಷದ ಮುದ್ರೆಯನ್ನು ಒತ್ತಿಬಿಟ್ಟಿತು. ಕರ್ಸ್ಟಿ ಸ್ಪಾಲ್ಡಿಂಗ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಈ ಮುದ್ರೆಯನ್ನು ಓದಿ ಮೇದಃಕೋಶಗಳ ವಯಸ್ಸನ್ನು ಲೆಕ್ಕಹಾಕಿದರು.

ಅವರಿಗೆ ಕಂಡುಬಂದುದೇನೆಂದರೆ, ಮೇದಃಕೋಶಗಳ ಸಂಖ್ಯೆಯು ಬಾಲ್ಯದಲ್ಲಿಯೂ ಹರೆಯದಲ್ಲಿಯೂ ನಿಶ್ಚಯವಾಗಿಬಿಡುವುದು. ಆಮೇಲೆ ತೆಳ್ಳಗಿದ್ದವರಲ್ಲಿಯೂ ದಪ್ಪಗಿದ್ದವರಲ್ಲಿಯೂ ಅದು ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುವುದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಬಹಳವಾಗಿ ಇಳಿದವರಲ್ಲಿಯೂ ಎರಡು ವರ್ಷಗಳ ತರುವಾಯ ಕೋಶಗಳ ಗಾತ್ರವು ಕುಗ್ಗಿತ್ತೇ ಹೊರತು ಸಂಖ್ಯೆಯು ಕುಗ್ಗಿರಲಿಲ್ಲ. ಹಾಗೆಂದು ಅವು ಚಿರಂಜೀವಿಗಳಲ್ಲ. ಪ್ರತಿವರ್ಷವೂ ನೂರಕ್ಕೆ ಹತ್ತರಂತೆ ಹಳೆಯ ಕೋಶಗಳು ಸಾಯುವುವು. ಅಷ್ಟೇ ಸಂಖ್ಯೆಯ ಹೊಸವು ಹುಟ್ಟಿ ಆ ಸ್ಥಾನವನ್ನು ತುಂಬುವುವು. ಆದುದರಿಂದ ಕಣಜವನ್ನು ಕಟ್ಟುವ ಕೆಲಸವು ಜೀವಮಾನವೆಲ್ಲ ನಡೆಯುತ್ತಲೇ ಇರುವುದು. ಅದನ್ನು ನಡೆಯಿಸುವವರು ಯಾರು?

ದೂತರೂ ದ್ವಾರಪಾಲಕರೂ

ದೇಹದಲ್ಲಿ ಒಂದು ಅಂಗವು ಮತ್ತೊಂದಕ್ಕೆ ತಿಳಿಸಬೇಕಾದ ಸಂಗತಿಗಳನ್ನು ರಕ್ತದ ಮೂಲಕ ಕಳುಹಿಸುವುದುಂಟು. ಈ ರಾಸಾಯನಿಕ ದೂತರಿಗೆ ಹಾರ್ಮೋನುಗಳೆಂದು ಹೆಸರು. ದೂತನು ಊರೆಲ್ಲ ಸುತ್ತಿದರೂ ಅವನ ಭಾಷೆಯನ್ನು ಬಲ್ಲ ಮನೆಯಲ್ಲಿ ಮಾತ್ರ ಅವನ ಮಾತು ನಡೆಯುವುದು. ಕೋಶದಲ್ಲಿ ಹಾಗೆ ದೂತನನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನು ವಸ್ತುವೇ ಗ್ರಾಹಿ. ಇಂತಹದೊಂದು ಇರಲೇಬೇಕೆಂದು ಜರ್ಮನಿಯ ಪಾಲ್ ಎರ್ಲಿಕ್ ಮಹಾಶಯನೂ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜಾನ್ ಲ್ಯಾಂಗ್ಲಿ ಮಹಾಶಯನೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಪ್ರತಿಪಾದಿಸಿದರು. ಬೀಗಕ್ಕೆ ತನ್ನ ಬೀಗದಕೈ ಹೊಂದುವಂತೆ ಗ್ರಾಹಿಗೆ ತನ್ನ ದೂತನು ಹೊಂದುವನು. ಹೊಂದಿದೊಡನೆ ಒಳಗಿನ ಕೆಲಸವು ಆರಂಭವಾಗುವುದು.

ಗ್ರಾಹಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಕೆಲವು ಕೋಶದ ಹೊರಪೊರೆಯಲ್ಲಿ, ಹೆಬ್ಬಾಗಿಲಿನ ದ್ವಾರಪಾಲಕರಂತೆ ನಿಂತಿರುವುವು. ಇನ್ಸುಲಿನ್ ಎಂಬ ದೂತನನ್ನು ಬರಮಾಡಿಕೊಳ್ಳುವ ಗ್ರಾಹಿಯು ಈ ಜಾತಿಯದು. ದೂತನು ಹೊರಗೇ ನಿಲ್ಲುವನು, ಸುದ್ದಿಯು ಮಾತ್ರ ಕೈಯಿಂದ ಕೈಗೆ ದಾಟಿ ಒಳಗೆ ಹೋಗುವುದು. ಮತ್ತೆ ಕೆಲವು ಮನೆಯ ಒಳಗೇ ಇರುವುವು. ಅವುಗಳ ದೂತರು ಪೊರೆಯನ್ನು ದಾಟಿ ಒಳಕ್ಕೆ ಬರಬಲ್ಲರು. ದೂತನು ಬಂದು ಸೇರಿದಾಗ ಈ ಗ್ರಾಹಿಗಳು ಕೇಂದ್ರದಲ್ಲಿರುವ ವಂಶವಾಹಿಗಳ ಮೇಲೆಯೇ ಕುಳಿತು, ಇದು ನಡೆಯಲಿ, ಅದು ನಿಲ್ಲಲಿ ಎಂದು ಆಜ್ಞೆಮಾಡುವುವು. ಮೇದಃಕೋಶದ ಜನನಕ್ಕೆ ಈ ಎರಡು ಬಗೆಯವೂ ಬೇಕು.

ಗಾಜಿನ ತಟ್ಟೆಯಲ್ಲಿ ಹುಟ್ಟಿದ ಕೊಬ್ಬು

ಈ ಜನನವನ್ನು ಕಣ್ಣೆದುರಿಗೆ ನೋಡುವ ಅವಕಾಶವು ೧೯೭೪ರ ವೇಳೆಗೆ ದೊರೆಯಿತು. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹೋವರ್ಡ್ ಗ್ರೀನ್ ಎಂಬ ವಿಜ್ಞಾನಿಯು ಇಲಿಯ ಭ್ರೂಣದಿಂದ ಬಂದ ಕೋಶಗಳನ್ನು ತಟ್ಟೆಗಳಲ್ಲಿ ಬೆಳಸುತ್ತಿದ್ದನು. ಅವು ನೋಡುವುದಕ್ಕೆ ಸಾಮಾನ್ಯವಾದ, ಕದಿರಿನಂತೆ ಉದ್ದವಾದ ಕೋಶಗಳು. ತಟ್ಟೆಯು ತುಂಬಿ ಅವು ವಿಭಜನೆಯನ್ನು ನಿಲ್ಲಿಸಿದ ಬಳಿಕ, ಕೆಲವು ಕೋಶಗಳು ದುಂಡಗಾಗಿ ಎಣ್ಣೆಯ ಹನಿಗಳನ್ನು ಕೂಡಿಡತೊಡಗಿದವು. ಗ್ರೀನನೂ ಅವನ ಸಹಾಯಕನಾದ ಓಲನಿಯಿ ಕೆಹಿಂಡೆಯೂ ಅಂತಹ ಕೋಶಗಳನ್ನೇ ಆರಿಸಿ ಬೇರೆಮಾಡಿ ಸಂತತಿಯನ್ನು ಬೆಳಸಿದರು. ೩ಟಿ೩-ಎಲ್೧ ಎಂದು ಹೆಸರು ಪಡೆದ ಆ ಸಂತತಿಯು ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬಾಳುತ್ತಿದೆ.

ಈ ಕೋಶಗಳನ್ನು ಮೇದಃಕೋಶಗಳಾಗಿ ಮಾರ್ಪಡಿಸಲು ಒಂದು ಮಿಶ್ರಣವು ರೂಢಿಗೆ ಬಂದಿತು. ಅದರಲ್ಲಿ ಮೂರು ವಸ್ತುಗಳು. ಮೊದಲನೆಯದು ಇನ್ಸುಲಿನ್. ಎಳೆಯ ಕೋಶದಲ್ಲಿ ಇನ್ಸುಲಿನ್ನಿನ ಸ್ವಂತ ಗ್ರಾಹಿಗಳು ಬಹಳ ಕಡಿಮೆಯಾದುದರಿಂದ, ಅದು ಮೊದಲು ತನ್ನ ದಾಯಾದಿಯಾದ ಬೆಳೆವಣಿಗೆಯ ಹಾರ್ಮೋನೊಂದರ ಗ್ರಾಹಿಯ ಮೂಲಕ ಕೆಲಸಮಾಡುವುದು. ಕೋಶವು ಬಲಿತಂತೆಲ್ಲ ಸ್ವಂತ ಗ್ರಾಹಿಗಳು ಅನೇಕ ಪಾಲು ಹೆಚ್ಚುವುವು. ಎರಡನೆಯದು ಕಾರ್ಟಿಸೋಲಿನ ಜಾತಿಯ ಔಷಧ. ಇದರ ಗ್ರಾಹಿಯು ಕೋಶದ ಒಳಗಿರುವುದು. ಮೂರನೆಯದು ಹೆಬ್ಬಾಗಿಲಿನ ಕೆಲವು ಗ್ರಾಹಿಗಳು ಒಳಗೆ ಕಳುಹಿಸುವ ಸುದ್ದಿಯನ್ನು ಅಳಿಸದೆ ಉಳಿಸುವ ಒಂದು ರಸಾಯನ. ಇವು ಮೂರೂ ಕೂಡಿದಾಗ ಕೋಶಗಳು ಒಂದೆರಡು ಸಲ ವಿಭಜನೆಹೊಂದಿ, ಆಮೇಲೆ ವಿಭಜನೆಯನ್ನೇ ತೊರೆದು, ಸುಮಾರು ಹತ್ತು ದಿನಗಳೊಳಗೆ ಎಣ್ಣೆಯಿಂದ ತುಂಬಿ ಮಿನುಗುವುವು.

ಕಾರ್ಟಿಸೋಲಿನ ಜಾತಿಯ ಮಾತ್ರೆಗಳನ್ನು ಬಹುಕಾಲ ಸೇವಿಸುವವರ ಮುಖವು ಚಂದ್ರನಂತೆ ದುಂಡಗಾಗಿ ಹೊಟ್ಟೆಯು ಮುಂದೆ ಬರುವುದನ್ನು ವಾಚಕರು ಕಂಡಿರಬಹುದು. ತಟ್ಟೆಯಲ್ಲಿ ಕಂಡ ಗ್ರಾಹಿಯ ಆಟವೇ ಅಲ್ಲಿ ಮನುಷ್ಯನ ಮೈಮೇಲೆ ನಡೆದಿರುವುದು. ಉಬ್ಬಸ, ಕೀಲುರೋಗ ಮೊದಲಾದವುಗಳಿಗಾಗಿ ಅಂತಹ ಮಾತ್ರೆಯನ್ನು ತೆಗೆದುಕೊಳ್ಳುವ ಒಬ್ಬ ತಾಯಿಯನ್ನು ಕಂಡು, ಆಕೆಯು ತಿಂದು ತಿಂದು ಊದಿರುವಳೆಂದು ಹೇಳುವುದು ಎಷ್ಟರ ಅನ್ಯಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಮನೆಯ ಯಜಮಾನ

ಮೇಲಿನ ಮೂರು ದೂತರ ಮಾತುಗಳೂ ಕಡೆಗೆ ಒಬ್ಬ ಯಜಮಾನನ ಬಳಿಗೆ ಹೋಗಿ ಸೇರುವುವೆಂಬುದು ೧೯೯೪ರಲ್ಲಿ ಗೊತ್ತಾಯಿತು. ಬೋಸ್ಟನ್ ನಗರದಲ್ಲಿ ಬ್ರೂಸ್ ಸ್ಪೀಗಲ್‌ಮನ್, ಪೀಟರ್ ಟಾಂಟೊನೋಜ್ ಮೊದಲಾದವರು ಮೇದಃಕೋಶದಲ್ಲಿ ಒಂದು ಕೇಂದ್ರಗ್ರಾಹಿಯನ್ನು ಗುರುತಿಸಿದರು. ಅದರ ಶಾಸ್ತ್ರೀಯವಾದ ಹೆಸರು ಪಿ.ಪಿ.ಎ.ಆರ್.-ಗ್ಯಾಮಾ. ನಾವು ಅದನ್ನು ಗ್ಯಾಮಾ ಗ್ರಾಹಿಯೆಂದು ಕರೆಯೋಣ. ಕೊಬ್ಬಿಗೆ ಸಂಬಂಧವೇ ಇಲ್ಲದ ಸಾಧಾರಣ ಕೋಶಗಳೊಳಕ್ಕೆ ಈ ಗ್ರಾಹಿಯ ವಂಶವಾಹಿಯನ್ನು ಸೇರಿಸಿ, ಅದನ್ನು ಎಚ್ಚರಗೊಳಿಸುವ ವಸ್ತುವನ್ನು ಕೊಟ್ಟಾಗ ಅವು ಮೇದಃಕೋಶಗಳೇ ಆಗಿಬಿಟ್ಟವು. ಈ ಗ್ರಾಹಿಯಿಲ್ಲದಿದ್ದರೆ ಬೇರೆ ಯಾವ ಪ್ರೇರಣೆಯಿಂದಲೂ ಮೇದಃಕೋಶವು ಹುಟ್ಟುವುದಿಲ್ಲವೆಂಬುದು ಮುಂದಿನ ವರ್ಷಗಳಲ್ಲಿ ಸಿದ್ಧವಾಯಿತು.

ಗ್ಯಾಮಾ ಗ್ರಾಹಿಯು ಒಂಟಿಯಾಗಿ ಕೆಲಸಮಾಡದು. ‘ಎ’ ಜೀವಸತ್ವದಿಂದ ಹುಟ್ಟುವ ಒಂದು ವಸ್ತುವಿಗೆ ಓಗೊಡುವ ಮತ್ತೊಂದು ಗ್ರಾಹಿಯ ಕೈಹಿಡಿದು, ಜೋಡಿಯಾಗಿ ವಂಶವಾಹಿಗಳ ಮೇಲೆ ಕುಳಿತುಕೊಳ್ಳುವುದು. ಇದಕ್ಕೆ ಹೊಂದುವ ಬೀಗದಕೈಗಳು ನಾವು ತಿನ್ನುವ ಎಣ್ಣೆ, ತುಪ್ಪಗಳಲ್ಲಿರುವ ಕೆಲವು ಮೇದಾಮ್ಲಗಳೂ ಅವುಗಳಿಂದ ದೇಹದಲ್ಲಿ ಹುಟ್ಟುವ ವಸ್ತುಗಳೂ ಆಗಿವೆ. ಎಂದರೆ, ಕೂಡಿಡಬೇಕಾದ ಸರಕೇ ಬಂದು ಕಣಜವನ್ನು ಕಟ್ಟಿರೆಂದು ಹೇಳುವಂತಹ ಏರ್ಪಾಡು ಇದು. ಅಪ್ಪಣೆಯಾದ ಬಳಿಕ ಕೋಶವು ಕೊಬ್ಬನ್ನು ಒಳಗೆಳೆಯುವ, ಕಟ್ಟಿಡುವ, ಬೇಕಾದಾಗ ಬಿಡಿಸುವ ಸಲಕರಣೆಗಳನ್ನೆಲ್ಲ ಒಂದೊಂದಾಗಿ ತಯಾರಿಸಿಕೊಳ್ಳುವುದು.

ಒಂದು ಒಗಟು

ಇದಾದ ಮರುವರ್ಷ, ೧೯೯೫ರಲ್ಲಿ, ವೈದ್ಯರನ್ನು ಬೆರಗುಗೊಳಿಸಿದ ಸಂಗತಿಯೊಂದು ಹೊರಬಿದ್ದಿತು. ಜಪಾನಿನ ಟಕೇಡ ಔಷಧಸಂಸ್ಥೆಯಲ್ಲಿ ಹುಟ್ಟಿದ ಗ್ಲಿಟಜೋನ್ ಎಂಬ ಜಾತಿಯ ಮದ್ದುಗಳು ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುವುವೆಂದು ಅದಕ್ಕೂ ಮೊದಲೇ ತಿಳಿದಿತ್ತು; ಹೇಗೆಂಬುದು ಮಾತ್ರ ತಿಳಿದಿರಲಿಲ್ಲ. ಅವು ಹೋಗಿ ಹೊಂದಿಕೊಳ್ಳುವ ಬೀಗವು ಗ್ಯಾಮಾ ಗ್ರಾಹಿಯೇ ಎಂದು ಆ ವರ್ಷ ಗೊತ್ತಾಯಿತು. ಮಧುಮೇಹಕ್ಕೆ ಸ್ಥೂಲತೆಯು ಕಾರಣವೆಂದು ಎಲ್ಲರೂ ಹೇಳುತ್ತಿದ್ದರು. ಈ ಮದ್ದಾದರೋ ಹೊಸ ಮೇದಃಕೋಶಗಳನ್ನು ಹುಟ್ಟಿಸಿ ಮಧುಮೇಹವನ್ನು ತಗ್ಗಿಸುತ್ತಿತ್ತು! ಬೆಂಕಿಗೆ ತುಪ್ಪವನ್ನು ಸುರಿದರೆ ಬೆಂಕಿಯು ಆರಿತೆಂಬಂತಾಯಿತು.

ಈ ಒಗಟನ್ನು ಬಿಡಿಸಿದವು ಕೊಬ್ಬೇ ಇಲ್ಲದ ಇಲಿಗಳು. ೧೯೯೮ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ, ಮೇದಃಕೋಶವು ಹುಟ್ಟದಂತೆ ಮಾಡಿದ ಇಲಿಗಳ ಸಂತತಿಯೊಂದನ್ನು ಬೆಳಸಿದರು. ಬಿಳಿಯ ಕೊಬ್ಬೆಂಬುದು ಮೈಯಲ್ಲಿ ಇಲ್ಲವೇ ಇಲ್ಲವೆನ್ನುವಂತಿದ್ದ ಆ ಇಲಿಗಳು ಆರೋಗ್ಯದ ಮಾದರಿಗಳಾಗಿರಲಿಲ್ಲ. ಅವುಗಳ ಯಕೃತ್ತು ಎಣ್ಣೆ ತುಂಬಿ ಊದಿಕೊಂಡಿತ್ತು. ಅವಕ್ಕೆ ಕಠಿನವಾದ ಮಧುಮೇಹವು ಹಿಡಿದಿತ್ತು. ೨೦೦೦ದಲ್ಲಿ ಬೇರೆ ಇಲಿಗಳ ಕೊಬ್ಬನ್ನು ತೆಗೆದು ಇವುಗಳ ಚರ್ಮದಡಿಯಲ್ಲಿ ನೆಟ್ಟಾಗ ಸಕ್ಕರೆಯು ಇಳಿಯಿತು, ಯಕೃತ್ತು ಚೇತರಿಸಿಕೊಂಡಿತು.

ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷಿಯು ದೊರೆಯಿತು. ೧೯೯೯ರಲ್ಲಿ ಕೇಂಬ್ರಿಜ್‌ನ ವೈದ್ಯರು, ಇನ್ಸುಲಿನ್ ಎಷ್ಟಿದ್ದರೂ ಅದರ ಮಾತನ್ನು ಮೈಯು ಕೇಳದೆ ಇದ್ದ ಮೂವರು ರೋಗಿಗಳನ್ನು ಪರೀಕ್ಷಿಸಿ, ಅವರ ಗ್ಯಾಮಾ ಗ್ರಾಹಿಯಲ್ಲಿ ಹುಟ್ಟಿನಿಂದ ಬಂದ ದೋಷವಿರುವುದನ್ನು ಕಂಡರು. ಇಂತಹ ದೋಷವುಳ್ಳವರ ಕೈಕಾಲುಗಳಲ್ಲಿಯೂ ಪೃಷ್ಠಭಾಗದಲ್ಲಿಯೂ ಕೊಬ್ಬು ಸಾಲದೆ, ನರಗಳೂ ಸ್ನಾಯುಗಳೂ ಎದ್ದು ಕಾಣುವುವು. ಅದರೊಂದಿಗೆ ಮಧುಮೇಹವೂ ರಕ್ತದ ಒತ್ತಡವೂ ಎಳೆವಯಸ್ಸಿನಲ್ಲಿಯೇ ಕಾಡುವುವು.

ಇದರಿಂದ ನಿಜವಾದ ಕಾರಣವು ಸ್ಪಷ್ಟವಾಯಿತು. ಕಣಜವಿಲ್ಲದ ಮನೆಗೆ ಬಂಡಿಗಟ್ಟಲೆ ಭತ್ತವು ಬಂದಿಳಿದರೆ ಏನಾಗುವುದು? ನಡುಮನೆ, ಅಡಿಗೆಮನೆ, ಕೊಟ್ಟಿಗೆಗಳಲ್ಲೆಲ್ಲ ಸುರಿದು, ನಡೆಯುವುದಕ್ಕೆ ದಾರಿಯಿಲ್ಲದೆ, ಕಡೆಗೆ ಮುಗ್ಗಿ ಕೆಟ್ಟುಹೋಗುವುದು. ಮೇದಃಕೋಶಗಳು ಸಾಲದಿದ್ದರೆ, ಅಥವಾ ಇದ್ದವು ಮಿತಿಮೀರಿ ತುಂಬಿ ಇನ್ನು ಹಿಡಿಯಲಾರದಂತಾದರೆ, ಕೊಬ್ಬು ತಾನು ಇರಬಾರದ ಕಡೆ, ಎಂದರೆ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ, ಹೋಗಿ ಸೇರುವುದು. ಅಲ್ಲಿ ಅದು ಇನ್ಸುಲಿನ್ನಿನ ಅಪ್ಪಣೆಯು ನಡೆಯದಂತೆ ಅಡ್ಡಬರುವುದು. ಗ್ಲಿಟಜೋನ್ ಮದ್ದು ಚರ್ಮದಡಿಯಲ್ಲಿ ಚಿಕ್ಕ ಚಿಕ್ಕ ಹೊಸ ಕಣಜಗಳನ್ನು ಕಟ್ಟಿಸಿ, ಚೆಲ್ಲಿದ್ದ ಸರಕನ್ನು ಅಲ್ಲಿಗೆ ಸಾಗಿಸುತ್ತಿತ್ತು. ೨೦೦೭ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು ಮೇದಃಕೋಶಗಳು ಚೆನ್ನಾಗಿ ವೃದ್ಧಿಯಾಗಬಲ್ಲ ಇಲಿಗಳನ್ನು ಬೆಳಸಿದಾಗ, ಅವು ತಮ್ಮ ಸ್ಥೂಲರಾದ ಒಡಹುಟ್ಟುಗಳಿಗಿಂತಲೂ ದಪ್ಪಗಾದರೂ ಸಕ್ಕರೆಯ ಕಾಯಿಲೆಯಿಲ್ಲದೆ ಇದ್ದವು. ತೂಕವೊಂದನ್ನೇ ನೋಡಿ ಆರೋಗ್ಯವನ್ನು ಅಳೆಯುವುದು ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಾಗಿಲ್ಲ.

ಬೇಡವೆನ್ನುವ ಗ್ರಾಹಿಗಳು

ಕಟ್ಟಿರೆನ್ನುವವರಂತೆ ಬೇಡವೆನ್ನುವವರೂ ಇರುವರು. ಎಳೆಯ ಕೋಶಗಳು ‘ವಿಂಟ್’ ಎಂಬ ದೂತನನ್ನು ಹೊರಡಿಸಿ ಪರಸ್ಪರ ತಡೆದಿಟ್ಟುಕೊಳ್ಳುವುವು. ಪೊರೆಯ ಮೇಲಿನ ಅದರ ಗ್ರಾಹಿಗೆ ಆ ದೂತನು ಸೇರಿರುವವರೆಗೂ ಗ್ಯಾಮಾ ಗ್ರಾಹಿಯು ಮೇಲೇಳಲಾರದು. ೨೦೦೦ದಲ್ಲಿ ಪ್ರಕಟವಾದ ಈ ಶೋಧನೆಯಿಂದ ಮತ್ತೊಂದು ಸಂಗತಿಗೂ ಅರ್ಥವು ದೊರೆಯಿತು. ಎಲುಬಿನ ಮಜ್ಜೆಯಲ್ಲಿರುವ ಮೂಲಕೋಶವು ಎಲುಬನ್ನು ಕಟ್ಟುವ ಕೋಶವೂ ಆಗಬಹುದು, ಮೇದಃಕೋಶವೂ ಆಗಬಹುದು. ವಿಂಟ್ ಗೆದ್ದರೆ ಎಲುಬು. ಗ್ಯಾಮಾ ಗೆದ್ದರೆ ಕೊಬ್ಬು. ಗ್ಲಿಟಜೋನ್ ಸೇವಿಸಿದ ಸ್ತ್ರೀಯರಲ್ಲಿ ಎಲುಬು ಮುರಿಯುವ ಪ್ರಸಂಗಗಳು ಹೆಚ್ಚಾಗಿ ಕಂಡುಬಂದುದು ಆಶ್ಚರ್ಯವಲ್ಲ.

ಆ ಮದ್ದುಗಳ ಚರಿತ್ರೆಯೂ ಏಳುಬೀಳುಗಳಿಂದ ಕೂಡಿದುದು. ಮೊದಲು ಬಂದ ಟ್ರೊಗ್ಲಿಟಜೋನ್ ಯಕೃತ್ತನ್ನು ಕೆಡಿಸುವುದೆಂದು ಅಮೆರಿಕದಲ್ಲಿ ೨೦೦೦ದಲ್ಲಿ ಹಿಂತೆಗೆಯಲ್ಪಟ್ಟಿತು. ರೊಸಿಗ್ಲಿಟಜೋನನ್ನು ಹೃದ್ರೋಗದ ಶಂಕೆಯಿಂದ ನಮ್ಮ ದೇಶದಲ್ಲಿ ೨೦೧೦ರಲ್ಲಿ ನಿಷೇಧಿಸಿದರು. ಪಯೊಗ್ಲಿಟಜೋನನ್ನು ೨೦೧೩ರಲ್ಲಿ ತಡೆದು, ಒಂದೆರಡು ತಿಂಗಳೊಳಗೇ ಎಚ್ಚರಿಕೆಯ ಮಾತುಗಳೊಡನೆ ಮತ್ತೆ ಬಿಟ್ಟರು. ಒಂದೇ ಗ್ರಾಹಿಯು ಅನೇಕ ಅಂಗಗಳಲ್ಲಿ ಬೇರೆ ಬೇರೆ ಕೆಲಸಗಳನ್ನು ಮಾಡುತ್ತಿರುವಾಗ, ಒಂದು ಬೀಗದಕೈಯಿಂದ ಒಂದೇ ಬಾಗಿಲನ್ನು ತೆರೆಯುವುದು ಸುಲಭವಲ್ಲವೆಂಬ ಪಾಠವನ್ನು ವೈದ್ಯಲೋಕವು ಕಲಿಯಿತು.

ಕೊಬ್ಬಿನಲ್ಲಿ ಮತ್ತೊಂದು ಬಣ್ಣವೂ ಉಂಟು. ಹಸುಗೂಸುಗಳ ಹೆಗಲೆಲುಬುಗಳ ನಡುವೆ ಕಂದು ಕೊಬ್ಬಿರುವುದು. ಚಳಿಯಾದಾಗ ನರಗಳು ಸೂಸುವ ನಾರ್‌ಅಡ್ರಿನಲಿನ್ ಎಂಬ ದೂತನನ್ನು ಅದರ ‘ಬೀಟಾ’ ಗ್ರಾಹಿಗಳು ಹಿಡಿದುಕೊಂಡಾಗ, ಈ ಕೊಬ್ಬು ಕೂಡಿಡುವ ಬದಲು ಉರಿದು ಶಾಖವನ್ನು ಕೊಡುವುದು. ದೊಡ್ಡವರಲ್ಲಿಯೂ ಅದು ಅಲ್ಪಸ್ವಲ್ಪ ಉಳಿದಿರುವುದೆಂಬುದು ೨೦೦೯ರಲ್ಲಿ ಖಚಿತವಾಯಿತು.

ಕೋಶದ ಮರುಮಾತು

ಮೇದಃಕೋಶವು ಅಪ್ಪಣೆಯನ್ನು ಪಾಲಿಸುವ ಮೂಕ ಸೇವಕನಲ್ಲ. ತಾನೂ ದೂತರನ್ನು ಕಳುಹಿಸುವುದು. ೧೯೯೪ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮಹಾಶಯನ ಪ್ರಯೋಗಶಾಲೆಯಲ್ಲಿ ಲೆಪ್ಟಿನ್ನಿನ ವಂಶವಾಹಿಯು ಸಿಕ್ಕಿತು. ಕಣಜದಲ್ಲಿ ಸಾಕಷ್ಟಿದೆ, ಇನ್ನು ಊಟ ಸಾಕೆಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವ ದೂತನೇ ಲೆಪ್ಟಿನ್. ಅದನ್ನು ಕೇಳುವ ಗ್ರಾಹಿಯು ಮರುವರ್ಷ ಮೆದುಳಿನಲ್ಲಿ ಸಿಕ್ಕಿತು.

ಲೆಪ್ಟಿನ್ನೇ ಹುಟ್ಟದ ಇಬ್ಬರು ಮಕ್ಕಳ ವಿಷಯವನ್ನು ಕೇಂಬ್ರಿಜ್‌ನ ವೈದ್ಯರು ೧೯೯೭ರಲ್ಲಿ ಪ್ರಕಟಿಸಿದರು. ಅವರಲ್ಲೊಬ್ಬಳಾದ ಒಂಬತ್ತು ವರ್ಷದ ಹುಡುಗಿಯ ತೂಕವು ೯೪ ಕಿಲೋಗ್ರಾಂ. ತಿಂದಷ್ಟೂ ಹಸಿವು, ಕೊಡದಿದ್ದರೆ ಅಳು. ಅವಳಿಗೆ ಲೆಪ್ಟಿನ್ನಿನ ಚುಚ್ಚುಮದ್ದನ್ನು ಕೊಡಲಾರಂಭಿಸಿದಾಗ ಹಸಿವು ತಾನಾಗಿಯೇ ತಗ್ಗಿ, ಒಂದು ವರ್ಷದಲ್ಲಿ ೧೬ ಕಿಲೋಗ್ರಾಮಿನಷ್ಟು ಇಳಿದಳು. ಇಂತಹ ದೋಷವು ಅತಿ ವಿರಳ. ಎಲ್ಲ ಸ್ಥೂಲರಿಗೂ ಈ ಮದ್ದು ಉಪಯೋಗಕ್ಕೆ ಬಾರದು. ಆದರೂ ಯಾವ ಮಗುವನ್ನು ಹೊಟ್ಟೆಬಾಕಿಯೆಂದು ಜರೆಯುತ್ತಿದ್ದೆವೋ, ಅದರ ತಪ್ಪು ನಾಲಗೆಯಲ್ಲಿರದೆ ಒಂದು ದೂತನ ಅಭಾವದಲ್ಲಿದ್ದಿತು. ಇದನ್ನು ತಿಳಿದ ಮೇಲೆ ಜರೆಯುವ ಬಾಯಿಗೆ ಸ್ವಲ್ಪವಾದರೂ ಕಡಿವಾಣ ಬೀಳಬೇಕು.

ನಮ್ಮ ನಾಡಿನ ಮಾತು

ಕಣಜವು ಸಾಲದೆ ಸರಕು ಚೆಲ್ಲುವುದರಿಂದ ಮಧುಮೇಹವು ಬರುವುದೆಂಬ ಮಾತು ನಮ್ಮವರಿಗೆ ಹೆಚ್ಚಾಗಿ ಅನ್ವಯಿಸುವುದು. ೨೦೦೪ರಲ್ಲಿ ಪುಣೆಯ ವೈದ್ಯರಾದ ಚಿತ್ತರಂಜನ್ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ಚಿತ್ರವನ್ನೇ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ದೇಹಸೂಚಿಯು ಇಬ್ಬರಲ್ಲಿಯೂ ಒಂದೇ, ೨೨.೩. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ ೯.೧, ಯಾಜ್ಞಿಕರಲ್ಲಿ ನೂರಕ್ಕೆ ೨೧.೨!

ಇದು ಹುಟ್ಟಿನಿಂದಲೇ ಬರುವುದೆಂದೂ ತೋರಿದೆ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕವು ೨.೭ ಕಿಲೋಗ್ರಾಂ; ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ೩.೫. ನಮ್ಮ ಕೂಸುಗಳಲ್ಲಿ ಮಾಂಸವು ಕಡಿಮೆ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು, ಬೆಳೆದಂತೆ ಮತ್ತೆ ಮತ್ತೆ ನೋಡಿದಾಗಲೂ ಇದೇ ಲಕ್ಷಣವು ಕಂಡಿತು. ಚರ್ಮದಡಿಯ ನಿರಪಾಯವಾದ ಕಣಜಗಳ ಹಿಡಿತವು ನಮ್ಮ ಜನರಲ್ಲಿ ಬೇಗನೆ ಮುಗಿದು, ಮಿಕ್ಕದ್ದು ಹೊಟ್ಟೆಯೊಳಕ್ಕೂ ಯಕೃತ್ತಿಗೂ ಹರಿಯುವುದೆಂದು ಅನೇಕ ಸಂಶೋಧಕರ ಅಭಿಪ್ರಾಯ. ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿರುವುದೆಂದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು ಅಂದಾಜುಮಾಡಿತು. ಅವರಲ್ಲಿ ತೆಳ್ಳಗೆ ಕಾಣುವವರೂ ಕಡಿಮೆಯಿಲ್ಲ.

ಮನೆಯಲ್ಲಿ ಮಾಡಬೇಕಾದುದು

ಗ್ರಾಹಿಗಳನ್ನು ನಾವು ಕೈಯಿಂದ ತಿದ್ದಲಾರೆವು. ಆದರೆ ಅವುಗಳ ಮೇಲೆ ಬೀಳುವ ಹೊರೆಯನ್ನು ಹಗುರಮಾಡುವುದು ಗೃಹಿಣಿಯ ಮತ್ತು ಗೃಹಸ್ಥನ ಕೈಯಲ್ಲಿದೆ.

ತೂಕದ ಯಂತ್ರಕ್ಕಿಂತ ಒಂದು ಅಳತೆಯ ಪಟ್ಟಿಯು ಹೆಚ್ಚು ಸತ್ಯವನ್ನು ಹೇಳುವುದು. ಸೊಂಟದ ಸುತ್ತಳತೆಯು ನಮ್ಮ ದೇಶದ ಗಂಡಸರಲ್ಲಿ ೯೦ ಸೆಂಟಿಮೀಟರನ್ನೂ ಹೆಂಗಸರಲ್ಲಿ ೮೦ ಸೆಂಟಿಮೀಟರನ್ನೂ ಮೀರಿದರೆ, ಮೈ ತೆಳ್ಳಗೆ ಕಂಡರೂ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಳಿದವರ ಕಣಜಗಳು ಬರಿದಾಗುವುವೇ ಹೊರತು ಕೆಡವಲ್ಪಡುವುದಿಲ್ಲ. ಕಷ್ಟಪಟ್ಟು ಇಳಿದವರು ಸ್ವಲ್ಪ ಎಚ್ಚರತಪ್ಪಿದರೆ ಮತ್ತೆ ತುಂಬಿಕೊಳ್ಳುವುದು ಈ ಕಾರಣದಿಂದ. ಅವರನ್ನು ಹಳಿಯದೆ, ಮನೆಯವರೆಲ್ಲರೂ ಅದೇ ಊಟವನ್ನು ಉಂಡು, ಅದೇ ನಡಿಗೆಯನ್ನು ನಡೆದು ಜೊತೆಗೊಟ್ಟರೆ ಅದೇ ದೊಡ್ಡ ಔಷಧ. ಯಕೃತ್ತಿನಲ್ಲಿ ಚೆಲ್ಲಿದ ಕೊಬ್ಬು ಮೊದಲು ಖಾಲಿಯಾಗುವವುಗಳಲ್ಲೊಂದು. ಆದುದರಿಂದ ಸ್ವಲ್ಪವೇ ಇಳಿದರೂ ಫಲವುಂಟು. ೨೦೧೭ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಮಧುಮೇಹವು ಬಂದು ಆರು ವರ್ಷಗಳು ದಾಟದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಮಿತಾಹಾರದಿಂದ ತೂಕವನ್ನು ಇಳಿಸಿದಾಗ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಸಕ್ಕರೆಯು ಒಂದು ವರ್ಷದ ಕೊನೆಗೆ ಮದ್ದಿಲ್ಲದೆಯೇ ಹತೋಟಿಗೆ ಬಂದಿತು.

ಮಕ್ಕಳ ವಿಷಯದಲ್ಲಿ ಮತ್ತಷ್ಟು ಎಚ್ಚರವು ಬೇಕು, ಏಕೆಂದರೆ ಕಣಜಗಳ ಸಂಖ್ಯೆಯು ನಿಶ್ಚಯವಾಗುವುದು ಆ ವಯಸ್ಸಿನಲ್ಲಿ. ಗರ್ಭಿಣಿಗೆ ಹೊಟ್ಟೆತುಂಬ ಅನ್ನವಷ್ಟೇ ಸಾಲದು. ಬೇಳೆ, ಹಾಲು, ಸೊಪ್ಪು, ಹಣ್ಣುಗಳೂ, ರೂಢಿಯಿರುವ ಮನೆಗಳಲ್ಲಿ ಮೊಟ್ಟೆ ಮೀನುಗಳೂ ದೊರೆಯಬೇಕು. ಮಗುವಿಗೆ ಓಡಿಯಾಡುವ ಆಟವು ದಿನವೂ ಇರಬೇಕು. ಬೆಳೆದ ಮಾಂಸಖಂಡವು ಸಕ್ಕರೆಯನ್ನು ಬಳಸುವ ದೊಡ್ಡ ಅಂಗ. ಕಾರ್ಟಿಸೋಲಿನ ಜಾತಿಯ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗುವುದೂ, ವೈದ್ಯರು ಕೊಟ್ಟದ್ದನ್ನು ಥಟ್ಟನೆ ನಿಲ್ಲಿಸುವುದೂ ಎರಡೂ ಅಪಾಯಕರ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಹೇಳಿದರು. ಅದು ಇಂದಿಗೂ ಸುಳ್ಳಾಗಿಲ್ಲ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟವನ್ನು ಉಂಡ ಅಕ್ಕತಂಗಿಯರಲ್ಲಿ ಒಬ್ಬಳ ಕೊಬ್ಬು ಚರ್ಮದಡಿಯಲ್ಲಿ ಸುಖವಾಗಿ ನೆಲೆಸುವುದು, ಮತ್ತೊಬ್ಬಳದು ಯಕೃತ್ತನ್ನು ಸೇರುವುದು. ಈ ವ್ಯತ್ಯಾಸವನ್ನು ಬರೆದವರು ಅವರಲ್ಲ. ಅವರ ಕೋಶಗಳಲ್ಲಿ ಕುಳಿತಿರುವ ಗ್ರಾಹಿಗಳು. ಆದುದರಿಂದ ಮೇದಸ್ಸನ್ನು ಶತ್ರುವೆಂದು ಹಗೆಮಾಡದೆ, ಅದನ್ನು ಹೊತ್ತವರನ್ನು ಹಾಸ್ಯಕ್ಕೆ ಗುರಿಮಾಡದೆ, ಮನೆಯ ಕಣಜವನ್ನು ನೋಡಿಕೊಳ್ಳುವಂತೆ ಅದನ್ನು ಅಳತೆಯರಿತು ನೋಡಿಕೊಳ್ಳುವುದೇ ವಿವೇಕವು.